ಕೊನೆಯ ಬಿಗಿ ನೆಲದ ಮೇಲೆ

ಸಂಪಾಜೆ ಘಾಟಿ ಇಳಿಯುವಾಗ ತಿರುವಿನಲ್ಲಿ ನಮ್ಮ ಅಂಬಾಸಿಡರ್‌ನ ಹಿಂಭಾಗ ಪಕ್ಕಕ್ಕೆ ಎಳೆಯುತ್ತಿತ್ತು. ಕ್ಲಚ್ ಬಿಟ್ಟರೆ ಹಿಂದಿನ ಸೀಟಿನ ಕೆಳಗೆ ‘ಟಕ್’ ಅಂತ ಸದ್ದು. ಅಪ್ಪ ಓಡಿಸಿದ ಮಾರ್ಕ್ 4 ಅದು. ಕೊಡೋ ಮನಸ್ಸು ನಮಗ್ಯಾರಿಗೂ ಇಲ್ಲ.

ಜಾಕಿ ಹಾಕಿ, ಹಿಂದಿನ ಪ್ಲೇಟಿನ (ಲೀಫ್ ಸ್ಪ್ರಿಂಗ್) ಮುಂದಿನ ಕಣ್ಣಿಗೆ, ಅಂದ್ರೆ ಬೋಲ್ಟ್ ಕೂರುವ ಸುರುಳಿ ತುದಿಗೆ, ಸಲಾಕೆ ಕೊಟ್ಟು ಎತ್ತಿದೆ. ಬೋಲ್ಟ್ ಒಳಗೇ ಅಲ್ಲಾಡಿತು. ಈ ಕಾರಿನಲ್ಲಿ ಚಕ್ರ ಗಾಡಿಯನ್ನು ಮುಂದಕ್ಕೆ ತಳ್ಳುವ ಬಲವೆಲ್ಲ ಪ್ಲೇಟಿನ ಮೂಲಕ ಆ ಕಣ್ಣಿನೊಳಗಿನ, ಕಬ್ಬಿಣದ ಕೊಳವೆಗಳ ನಡುವೆ ರಬ್ಬರ್ ತುಂಬಿದ ಬುಶ್‌ಗೇ ಬರುತ್ತದೆ. ಹಾಗಾಗಿ ಅದು ಸವೆದರೆ ಆಕ್ಸಲ್ಲೇ ಹಿಂದೆ ಮುಂದೆ ಆಡುತ್ತದೆ.

ನಿಜ ಹೇಳಬೇಕಂದ್ರೆ ಇದು ಎರಡನೇ ಸಲ. ಎರಡು ವರ್ಷದ ಹಿಂದೆಯೂ ನಾನೇ ಹೊಸ ಬುಶ್ ಹಾಕಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ರಬ್ಬರ್ ಹರಿದಿತ್ತು. ಸಾಮಾನು ಸರಿಯಿಲ್ಲ ಅಂದುಕೊಂಡಿದ್ದೆ. ತಪ್ಪು ನನ್ನದೇ ಆಗಿತ್ತು.

ಈ ಸಲ ಮಳೆ ನಿಂತ ಮೇಲೆ ಕಾಫಿ ಕಣದಲ್ಲಿ ಕೆಲಸ ಹಿಡಿದೆ. ಕೊಯ್ಲು ಶುರುವಾಗಿರಲಿಲ್ಲ, ಕಣ ಖಾಲಿ. ಸಿಮೆಂಟು ನೆಲ ಸಮತಟ್ಟು, ಸ್ಟ್ಯಾಂಡ್ ಅಲ್ಲಾಡಲ್ಲ. ಬರೀ ಜಾಕಿ ನಂಬಿ ಅಡಿಗೆ ಮಲಗಬೇಡಿ. ಬುಶ್ ಬೆಂಗಳೂರಿನ ಜೆ.ಸಿ. ರೋಡಿನಿಂದ ತರಿಸಿದೆ. ನಮ್ಮ ಮಳೆಗೆ ಬೋಲ್ಟ್‌ಗಳು ತುಕ್ಕು ಹಿಡಿದು ಕಲ್ಲಾಗಿದ್ದವು. ಹಿಂದಿನ ರಾತ್ರಿಯೇ ಡೀಸೆಲ್ ಸುರಿದು ನೆನೆಸಿಟ್ಟೆ. ಒಂದು ಬದಿ ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಕೈ ಹಾಕಿದೆ.

ಹಳೆ ಬುಶ್ ತೆಗೆಯೋದೇ ದೊಡ್ಡ ಕೆಲಸ. ರಬ್ಬರನ್ನು ಡ್ರಿಲ್‌ನಿಂದ ಕಿತ್ತೆ. ಹೊರಗಿನ ಕಬ್ಬಿಣದ ಕೊಳವೆ ಮಾತ್ರ ಕಣ್ಣಿಗೆ ಕಚ್ಚಿಕೊಂಡಿತ್ತು. ಆಕ್ಸಾ ಬ್ಲೇಡ್ ಬಿಚ್ಚಿ ಕಣ್ಣೊಳಗೆ ತೂರಿಸಿ, ಮತ್ತೆ ಫ್ರೇಮಿಗೆ ಕಟ್ಟಿ ಉದ್ದಕ್ಕೆ ಕೊಯ್ದೆ. ಬ್ಲೇಡ್ ಪ್ಲೇಟಿಗೆ ತಾಗಿ ಗೀರು ಬಿದ್ದರೆ ಅಲ್ಲಿಂದಲೇ ಪ್ಲೇಟು ಮುರಿಯಬಹುದು. ಅದಕ್ಕೇ ಕೊನೆಯ ಕೂದಲೆಳೆಯಷ್ಟು ಬಿಟ್ಟು, ಉಳಿಯಿಂದ ಒಳಕ್ಕೆ ಮಡಚಿದೆ. ಒಂದು ಬದಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಹೊಸದನ್ನು ಸುತ್ತಿಗೆಯಿಂದ ಬಡಿಯಲಿಲ್ಲ. ಉದ್ದ ಬೋಲ್ಟು, ದಪ್ಪ ವಾಷರು, ಒಂದು ಕಡೆ ದೊಡ್ಡ ಸಾಕೆಟ್ ಇಟ್ಟು ನಿಧಾನಕ್ಕೆ ಎಳೆದುಕೊಂಡೆ. ಪ್ಲೇಟಿನ ಹಿಂದಿನ ತುದಿಯನ್ನು ಗಾಡಿಗೆ ಜೋಡಿಸುವ ಶ್ಯಾಕಲ್‌ನ ರಬ್ಬರ್ ಬುಶ್‌ಗೆ ಸೋಪಿನ ನೀರು ಸಾಕು. ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಈಗ ಆ ಹಳೆ ತಪ್ಪಿನ ವಿಷಯ. ಮುಂದಿನ ಬುಶ್‌ನಲ್ಲಿ ಬೋಲ್ಟ್ ಬಿಗಿದ ಮೇಲೆ ಒಳಗಿನ ಕೊಳವೆ ತಿರುಗಲ್ಲ. ರಬ್ಬರೇ ತಿರುಚಿಕೊಂಡು ಕೆಲಸ ಮಾಡುತ್ತದೆ. ಅವತ್ತು ಆಕ್ಸಲ್ ಜೋತುಬಿದ್ದಿರುವಾಗಲೇ ಪೂರ್ತಿ ಬಿಗಿದಿದ್ದೆ. ಗಾಡಿ ಕೆಳಗಿಳಿದಾಗ ರಬ್ಬರ್ ನಿಂತಲ್ಲೇ ತಿರುಚಿಕೊಂಡಿತ್ತು, ಆಮೇಲೆ ಗುಂಡಿ ಸಿಕ್ಕಿದಾಗೆಲ್ಲ ಇನ್ನಷ್ಟು. ಹರಿಯದೆ ಏನಾಗುತ್ತೆ? ಈ ಸಲ ಬೋಲ್ಟ್‌ಗಳನ್ನು ಕೈಬಿಗಿ ಮಾತ್ರ ಮಾಡಿ, ಚಕ್ರ ಹಾಕಿ ಕಾರನ್ನು ನೆಲಕ್ಕಿಳಿಸಿದೆ. ಡಿಕ್ಕಿ ಒತ್ತಿ ನಾಲ್ಕು ಸಲ ಕುಣಿಸಿದೆ. ಗಾಡಿ ತನ್ನ ಎತ್ತರಕ್ಕೆ ಕೂತ ಮೇಲೆ ಅಡಿಗೆ ನುಸುಳಿ ಪೂರ್ತಿ ಬಿಗಿದೆ.

ಮಡಿಕೇರಿಯಿಂದ ಸಂಪಾಜೆವರೆಗೆ ಇಳಿದು ಹತ್ತಿದೆ. ಸದ್ದಿಲ್ಲ, ಹಿಂಭಾಗ ಹೇಳಿದ ಹಾಗೆ ಕೇಳುತ್ತದೆ. 200 ಕಿಲೋಮೀಟರ್ ಓಡಿದ ಮೇಲೆ ಆಕ್ಸಲ್ಲನ್ನು ಪ್ಲೇಟಿಗೆ ಕಟ್ಟುವ ಯು-ಬೋಲ್ಟ್‌ಗಳಿಗೆ ಮತ್ತೆ ಸ್ಪ್ಯಾನರ್ ಹಾಕಿದೆ. ಎಡಗಡೆಯ ಎರಡು ನಟ್ ಇನ್ನೂ ಕಾಲು ಸುತ್ತು ಹಿಡಿದವು.