692 ಇಂಜಿನ್‌ಗೆ ಪ್ಲೇಟ್ ಬಿಗಿದು ಬೋರ್ ಮಾಡಿಸಿದ ಅನುಭವ

ನನ್ನದು ಟಾಟಾ 1210, ಮೂತಿ ಲಾರಿ. ಒಳಗಿರುವುದು ಅದೇ ಹಳೇ 692, ಆರು ಸಿಲಿಂಡರ್, 92 ಎಂಎಂ ಬೋರ್ (ಸಿಲಿಂಡರಿನ ಒಳ ಅಗಲ). "ಇದನ್ನ ಗುಜರಿಗೆ ಹಾಕಿ 697 ಕೂರಿಸಿಬಿಡ್ರೀ" ಎಂದು ಹೇಳದ ಮೇಸ್ತ್ರಿ ದಾವಣಗೆರೆಯಲ್ಲಿ ಇಲ್ಲ. 697 ಅಂದರೆ 97 ಎಂಎಂ ಬೋರಿನ ಇಂಜಿನ್; ಸೆಕೆಂಡ್ ಹ್ಯಾಂಡ್ ಆಗ 70 ಸಾವಿರದ ಆಸುಪಾಸಿಗೆ ಸಿಗುತ್ತಿತ್ತು. ನಾನು ಅದಕ್ಕಿಂತ ಜಾಸ್ತಿ ಸುರಿದಿದ್ದೇನೆ, ನಿಜ. ಆದರೆ ಗಾಡಿ ಜೊತೆ ಬಂದ ಇಂಜಿನ್ನೇ ಓಡಬೇಕು ಅನ್ನುವ ಹಟ ನನ್ನದು.

ಮೊದಲ ಸಲ ಬೋರಿಂಗ್ ಅಂಗಡಿಯವರು ಮಾಮೂಲಿನಂತೆ ಡ್ರೈ ಲೈನರ್ (ಸಿಲಿಂಡರ್ ಒಳಗೆ ಕೂರುವ ತೆಳು ಕೊಳವೆ) ಒತ್ತಿ, ಬೋರ್ ಹೊಡೆದು, ಹೋನಿಂಗ್ ಮಾಡಿ (ಕಲ್ಲಿನಿಂದ ಒಳಗೋಡೆ ಉಜ್ಜಿ) ಕೊಟ್ಟರು. ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲಾ ಹೊಸದು. ಕ್ರ್ಯಾಂಕ್ 0.50 ಎಂಎಂ ಗ್ರೈಂಡಿಂಗ್. 60 ಸಾವಿರ ಆಯಿತು. ಗಾಡಿ ಹೊರಗೆ ತಂದರೆ ನೀಲಿ ಹೊಗೆ! ನೂರು ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ಲೀಟರ್ ಆಯಿಲ್ ಕುಡಿಯುತ್ತಿತ್ತು. ರಿಂಗ್ ಬದಲಾಯಿಸಿದರು. ವಾಲ್ವ್ ಗೈಡ್ ಬದಲಾಯಿಸಿದರು. ಇನ್ನೊಂದು 15 ಸಾವಿರ ಹೋಯಿತು, ಹೊಗೆ ಹೋಗಲಿಲ್ಲ.

ಹೆಡ್ ಬಿಚ್ಚಿ ಬೋರ್ ಗೇಜ್ ಇಟ್ಟರೆ ಆರೂ ದುಂಡಗೇ ಇವೆ. ಹೆಡ್ ಬಿಗಿದ ಮೇಲೂ ಹೀಗೇ ಇರುತ್ತಾ? ಅದೇ ತಲೆಗೆ ಹತ್ತಿತು. ಗುಜರಿಯಲ್ಲಿ ಎರಡು ಇಂಚು ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್ ಹುಡುಕಿದೆ. ಸಿಲಿಂಡರಿಗೊಂದರಂತೆ ಆರು ತೂತು ಕೊರೆಸಿ, ಹೆಡ್ ಬೋಲ್ಟ್ ಕೂರುವಂತೆ ಮಾಡಿಸಿದೆ. ಎಲ್ಲಾ ಸೇರಿ 9 ಸಾವಿರ. ಅದನ್ನು ಹೆಡ್ ಜಾಗದಲ್ಲಿ ಇಟ್ಟು, ಹೆಡ್ಡಿಗೆ ಕೊಡುವಷ್ಟೇ ಟಾರ್ಕ್ (ಬಿಗಿತ) ಕೊಟ್ಟು ಬಿಗಿದು, ಪ್ಲೇಟಿನ ತೂತಿನೊಳಗೆ ಗೇಜ್ ಇಳಿಸಿದರೆ ಬೋಲ್ಟ್ ಪಕ್ಕದಲ್ಲಿ ಒಂದೂವರೆ ಥೌ (ಇಂಚಿನ ಸಾವಿರದ ಒಂದು ಪಾಲು ಒಂದು ಥೌ) ಗೋಡೆ ಒಳಗೆ ಬಂದಿದೆ! ಮೂರು ಮತ್ತು ನಾಲ್ಕನೇ ಸಿಲಿಂಡರ್ ತೀರಾ ಮೋಸ.

ಪ್ಲೇಟ್ ಬಿಗಿದೇ ಬೋರ್ ಮಾಡಿ ಎಂದೆ. "ಇದೇನು ವಿಮಾನ ಏನ್ರೀ?" ಎಂದು ಅಂಗಡಿಯಲ್ಲಿ ನಕ್ಕರು. ಹೊಸ ಸೆಮಿ ಫಿನಿಶ್ ಲೈನರ್ (ಒತ್ತಿದ ಮೇಲೆ ಅಳತೆಗೆ ಬೋರ್ ಮಾಡುವಂಥದ್ದು) ಒತ್ತಿಸಿ, ಒಂದು ರಾತ್ರಿ ಹಾಗೇ ಬಿಟ್ಟು, ಮಾರನೇ ದಿನ ಪ್ಲೇಟ್ ಬಿಗಿದು ಬೋರಿಂಗ್, ಹೋನಿಂಗ್ ಎರಡನ್ನೂ ಪಕ್ಕದಲ್ಲೇ ನಿಂತು ಮಾಡಿಸಿದೆ. ಪ್ಲೇಟಿಗೂ ಬ್ಲಾಕಿಗೂ ನಡುವೆ ಏನು ಹಾಕಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಸ್ಟಾರ್ಟ್ ಆದ ಮೇಲೆ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡಲಿಲ್ಲ. ಬಿಟ್ಟರೆ ಲೈನರ್ ಗ್ಲೇಜ್ ಆಗುತ್ತದೆ (ಗಾಜಿನಂತೆ ನುಣುಪಾಗಿ ರಿಂಗ್ ಕೂರುವುದಿಲ್ಲ) ಅಲ್ವಾ. ಅರ್ಧ ಲೋಡ್ ಜಲ್ಲಿ ಹಾಕಿ ಚಿತ್ರದುರ್ಗದ ಕಡೆ ಓಡಿಸಿದೆ. ಹೊಗೆ ನಿಂತಿತು.

ಆಮೇಲೆ ಸುಮ್ನೆ ಇರಲಾಗದೆ ಡೀಸೆಲ್‌ಗೆ ಹೊಂಗೆ ಎಣ್ಣೆ ಬೆರೆಸಿ ನೋಡಿದೆ, ಐದಕ್ಕೆ ಒಂದು ಪಾಲು. ಬೇಸಿಗೆಯಲ್ಲಿ ಸರಾಗವಾಗಿ ಓಡಿತು. ಚಳಿ ಬಂದಾಗ ಫಿಲ್ಟರ್ ಕಟ್ಟಿಕೊಂಡಿತು, ನಾಜಲ್ ತುದಿಗೆ ಮಸಿ ಹಿಡಿಯಿತು. ನಾಜಲ್‌ಗೆ ಡೀಸೆಲ್ ತಳ್ಳುವ ಮೈಕೋ ಪಂಪಿನ ಕ್ಯಾಲಿಬ್ರೇಷನ್‌ಗೇ 10 ಸಾವಿರ ಕೊಟ್ಟಿದ್ದೆ. ಅದನ್ನು ಹಾಳು ಮಾಡಿಕೊಳ್ಳುವ ಧೈರ್ಯ ಬರಲಿಲ್ಲ, ಬಿಟ್ಟೆ.

ಒಟ್ಟು ಖರ್ಚು 1.3 ಲಕ್ಷದ ಹತ್ತಿರ. ಈಗ ಎರಡು ಸಾವಿರ ಕಿಲೋಮೀಟರ್ ಓಡಿದರೂ ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಗೆರೆ ಅರ್ಧಕ್ಕೂ ಇಳಿಯುವುದಿಲ್ಲ. ಹಿಂದಿನ ಆಯಿಲ್ ಸೀಲ್ ಸ್ವಲ್ಪ ತೊಟ್ಟಿಕ್ಕುತ್ತದೆ, ಅದು ಮುಂದಿನ ಮಳೆಗಾಲದ ಕೆಲಸ. ನಕ್ಕಿದ್ದ ಅಂಗಡಿಯವರೇ ಮೊನ್ನೆ ಇನ್ನೊಂದು 692 ಬ್ಲಾಕಿಗೆ ಪ್ಲೇಟ್ ಕೇಳಿದರು. ಕೊಟ್ಟೆ, 500 ರೂಪಾಯಿ ಬಾಡಿಗೆಗೆ.