ಅಡುಗೆಮನೆಯಲ್ಲಿ ಎತ್ತಿದ ಕಾಲು, ಬೆಟ್ಟದ ಬಂಡೆಯ ಮೇಲೆ ಇಳಿಯಲಿ

ವೇದಿಕೆ ಮುಂದೆ ಕ್ಯಾಮೆರಾ ನಿಲ್ಲಿಸಿ ಭರತನಾಟ್ಯವನ್ನೋ ಕೋಲಾಟವನ್ನೋ ಹಿಡಿದರೆ ಅದು ದಾಖಲೆ. ನೃತ್ಯಚಿತ್ರ ಬೇರೆ. ಅಲ್ಲಿ ಕುಣಿಯುವವರ ಜೊತೆ ಕ್ಯಾಮೆರಾವೂ ಕತ್ತರಿಯೂ ಕುಣಿಯಬೇಕು. ಅಮೆರಿಕದ ಚಿತ್ರನಿರ್ದೇಶಕಿ ಮಾಯಾ ಡೆರೆನ್ 1945ರಲ್ಲಿ ಮಾಡಿದ ಕೆಲವೇ ನಿಮಿಷಗಳ ಮೂಕಿ ಚಿತ್ರವೊಂದರಲ್ಲಿ ನರ್ತಕ ಟ್ಯಾಲಿ ಬೀಟಿ ಕಾಡಿನಲ್ಲಿ ಕಾಲೆತ್ತುತ್ತಾನೆ, ಆ ಕಾಲು ಬಂದು ಇಳಿಯುವುದು ಒಂದು ಮನೆಯೊಳಗೆ. ನಡುವೆ ಇರುವುದು ಒಂದೇ ಕಟ್, ಅಂದರೆ ಎರಡು ತುಣುಕುಗಳನ್ನು ಕತ್ತರಿಸಿ ಜೋಡಿಸಿದ ಜಾಗ.

ಸಾವೋ, ಮುರಿದ ಸಂಬಂಧವೋ, ಉದ್ದದ ಕಾಯಿಲೆಯೋ ಆದ ಮೇಲೆ ದೇಹ ಒಂದು ಜಾಗಕ್ಕೆ, ಒಂದು ಭಂಗಿಗೆ ಅಂಟಿಕೊಂಡುಬಿಡುತ್ತದೆ. ಹೆಗಲು ಕಿವಿಯ ಹತ್ತಿರಕ್ಕೆ ಏರಿರುತ್ತದೆ, ಉಸಿರು ಎದೆಯಿಂದ ಕೆಳಗೆ ಇಳಿಯುವುದಿಲ್ಲ. ಆ ಒಂದು ಕಟ್ ಅದೇ ದೇಹವನ್ನು ಬೇರೆ ಜಾಗದಲ್ಲಿ ಇಳಿಸಿ, ನಿಮ್ಮ ಕಣ್ಣಿಗೇ ತೋರಿಸುತ್ತದೆ. ಈ ಬರಹದಲ್ಲಿರುವುದು ಅಂಥ ಒಂದು ಕಟ್ ಇರುವ, ಮೂರು ನಿಮಿಷದ ಚಿತ್ರವನ್ನು ಕೋಲಾರ, ಚಿಕ್ಕಬಳ್ಳಾಪುರದ ಕಡೆ ಒಂದು ಫೋನಿನಲ್ಲಿ ಮಾಡುವ ಬಗೆ. ಮೂರು ವಾರ ಬೇಕು.

ಮೊದಲೇ ಒಂದು ಮಾತು. ಇದು ಚಿಕಿತ್ಸೆಗೆ ಬದಲಿ ಅಲ್ಲ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಕ್ಯಾಮೆರಾ ಬದಿಗಿಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ; ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಉಳಿದವರು ಕೂಡ ಅತಿ ದೊಡ್ಡ ಗಾಯದಿಂದ ಶುರು ಮಾಡಬೇಡಿ. ಹತ್ತಕ್ಕೆ ಮೂರೋ ನಾಲ್ಕೋ ಅನ್ನುವಷ್ಟು ನೋಯುವುದನ್ನು ಆರಿಸಿಕೊಳ್ಳಿ.

ಚಲನೆ ಹುಡುಕುವುದು

ಹೆಚ್ಚಿನವರು ಎಡವುವುದು ಇಲ್ಲೇ. ನೋವಿನ ಚಿತ್ರ ಅಂದಕೂಡಲೇ ಮುಖ ಮುಚ್ಚಿಕೊಳ್ಳುವುದು, ಮಂಡಿಯೂರುವುದು, ಆಕಾಶಕ್ಕೆ ಕೈ ಚಾಚುವುದು. ಇವೆಲ್ಲ ಸಿನಿಮಾದಿಂದ ಕಲಿತ ಭಂಗಿಗಳು, ನಿಮ್ಮವಲ್ಲ. ಅವನ್ನು ಮಾಡುತ್ತಾ ಹೋದರೆ ದೇಹ ನಟಿಸುತ್ತದೆ, ಬಿಗಿತ ಇದ್ದಲ್ಲೇ ಇರುತ್ತದೆ.

ಭಾವನೆಯ ಬದಲು ದೇಹಕ್ಕೊಂದು ಕೆಲಸ ಕೊಡಿ. ನಿಮ್ಮ ನೋವಿಗೆ ಹತ್ತಿರವಾದ ಯಾವುದಾದರೂ ಕೈಕೆಲಸ ಇದ್ದೇ ಇರುತ್ತದೆ: ಅಮ್ಮ ಮುದ್ದೆ ಕೋಲು ತಿರುಗಿಸುತ್ತಿದ್ದ ರೀತಿ, ಚಂದ್ರಿಕೆಯಿಂದ ರೇಷ್ಮೆಗೂಡು ಬಿಡಿಸುವುದು, ಟೊಮೆಟೊ ಕ್ರೇಟು ಎತ್ತಿ ಇಡುವುದು, ಸೀರೆ ಮಡಿಸುವುದು. ತಾರಸಿ ಮೇಲೋ ನಡುಮನೆಯಲ್ಲೋ ಸೀಮೆಸುಣ್ಣದಲ್ಲಿ ಆರು ಅಡಿ ಚೌಕ ಎಳೆಯಿರಿ. ಮೂರು ದಿನ, ದಿನಕ್ಕೆ ಹತ್ತು ನಿಮಿಷ, ಕ್ಯಾಮೆರಾ ಇಲ್ಲದೆ, ಕೈಯಲ್ಲಿ ವಸ್ತುವೂ ಇಲ್ಲದೆ ಆ ಕೆಲಸ ಮಾಡಿ. ಮೊದಲ ದಿನ ಇದ್ದ ಹಾಗೆ. ಎರಡನೇ ದಿನ ನಾಲ್ಕು ಪಟ್ಟು ನಿಧಾನ. ಮೂರನೇ ದಿನ ಒಂದೇ ಹೆಗಲಿನಿಂದ, ಆಮೇಲೆ ನೆಲದ ಮೇಲೆ ಮಲಗಿ, ಆಮೇಲೆ ಒಂದು ಕಾಲು ಮುಂದಿಟ್ಟು. ಪ್ರತಿ ದಿನ ಮುಗಿದ ಮೇಲೆ ಮೂರು ಸಾಲು ಬರೆದಿಡಿ: ಚಲನೆ ಯಾವ ಅಂಗದಿಂದ ಹೊರಟಿತು, ಎಲ್ಲಿ ತಡೆಯಿತು, ಎಷ್ಟು ಉಸಿರು ಹಿಡಿಯಿತು. ತಡೆದ ಜಾಗವೇ ನಿಮ್ಮ ಚಿತ್ರದ ನಡುಭಾಗ.

ಬೆರಳು ಜೋಮು ಹಿಡಿದರೆ, ಉಸಿರು ಕಟ್ಟಿದರೆ, ನಿಮ್ಮನ್ನು ನೀವೇ ದೂರದಿಂದ ನೋಡುತ್ತಿದ್ದೀರಿ ಅನ್ನಿಸಿದರೆ ನಿಲ್ಲಿಸಿ. ಕಣ್ಣು ತೆರೆದು ಹಿಮ್ಮಡಿಯನ್ನು ನೆಲಕ್ಕೆ ಒತ್ತಿ, ಕಾಣುವ ಐದು ವಸ್ತುಗಳ ಹೆಸರನ್ನು ಬಾಯಿಬಿಟ್ಟು ಹೇಳಿ, ನೀರು ಕುಡಿಯಿರಿ. ಆ ದಿನಕ್ಕೆ ಅಷ್ಟೇ ಸಾಕು.

ಚಿತ್ರೀಕರಣ

ಫೋನು ಅಡ್ಡವಾಗಿರಲಿ. ಉದ್ದಕ್ಕೆ ಹಿಡಿದರೆ ಚಾಚಿದ ಕೈ ಚೌಕಟ್ಟಿನಿಂದ ಆಚೆ ಹೋಗುತ್ತದೆ. ಲೆನ್ಸನ್ನು ಹತ್ತಿ ಬಟ್ಟೆಯಿಂದ ಒರೆಸಿ. ಚಿತ್ರ ಮಸುಕಾಗಲು ಎಷ್ಟೋ ಸಲ ಕಾರಣ ಬೆರಳಿನ ಎಣ್ಣೆ. ಮುಖ್ಯ ಲೆನ್ಸಿನಲ್ಲಿ ಕೈ ಮೇಲೆತ್ತಿದ ಪೂರ್ತಿ ದೇಹ ಸಿಗಬೇಕಾದರೆ ಸುಮಾರು ಹನ್ನೆರಡು ಅಡಿ ದೂರ, ಸೊಂಟದ ಎತ್ತರ ಬೇಕು. ಅಡುಗೆಮನೆಯಲ್ಲಿ ಅಷ್ಟು ಜಾಗ ಸಿಗುವುದು ಕಷ್ಟ, ಫೋನನ್ನು ಬಾಗಿಲಾಚೆ ಇಡಿ. ಅಗಲದ ಲೆನ್ಸ್ ಬಳಸಿದರೆ ಅಂಚಿನಲ್ಲಿ ಕೈಕಾಲು ಎಳೆದಂತೆ ಕಾಣುತ್ತದೆ. ಟ್ರೈಪಾಡ್ ಇಲ್ಲದಿದ್ದರೆ ಬಟ್ಟೆ ಚೀಲಕ್ಕೆ ಒಂದು ಕೆಜಿ ರಾಗಿ ಹಾಕಿ ಬಾಯಿ ಕಟ್ಟಿ. ಚೀಲ ಮೂರನೇ ಎರಡು ಭಾಗ ಮಾತ್ರ ತುಂಬಿರಲಿ, ಆಗ ಫೋನು ಅದರಲ್ಲಿ ಕೂರುತ್ತದೆ. ಸ್ಟೂಲಿನ ಮೇಲೂ ಬಂಡೆಯ ಮೇಲೂ ಇದು ಅಲ್ಲಾಡುವುದಿಲ್ಲ.

ಮನೆಯೊಳಗೆ ಟ್ಯೂಬ್‌ಲೈಟಿನಲ್ಲಿ ಹಿಡಿದಾಗ ಚಿತ್ರದ ಮೇಲೆ ಪಟ್ಟೆ ಓಡುವುದು ಸಾಮಾನ್ಯ. ನಮ್ಮ ವಿದ್ಯುತ್ತು 50 ಹರ್ಟ್ಸ್, ಅಂದರೆ ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಫೋನು ಸೆಕೆಂಡಿಗೆ 30 ಫ್ರೇಮು, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) ಸೆಕೆಂಡಿನ 1/60 ಎಂದು ಓಡಿದರೆ ಎರಡೂ ತಾಳ ತಪ್ಪುತ್ತವೆ. ಎಲ್ಲವನ್ನೂ ಕೈಯಾರೆ ಹೊಂದಿಸುವ ಪ್ರೋ ಮೋಡ್‌ನಲ್ಲಿ 25 ಫ್ರೇಮು, ಶಟರ್ 1/50 ಮಾಡಿ. 25 ಇಲ್ಲದ ಫೋನಾದರೆ 30 ಫ್ರೇಮಿಗೆ 1/50 ಅಥವಾ 1/100. ಸ್ಲೋ ಮೋಷನ್ನನ್ನು ದೀಪದ ಕೆಳಗೆ ಮಾಡಲೇಬೇಡಿ, ಹಗಲು ಬೆಳಕಿಗೆ ಬನ್ನಿ. ಪರದೆಯನ್ನು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡುವುದು ಮರೆತರೆ, ನೀವು ಹತ್ತಿರ ಬಂದಾಗಲೆಲ್ಲ ಹಿನ್ನೆಲೆಯ ಬೆಳಕು ಏರಿಳಿಯುತ್ತದೆ.

ಹೊರಗಿನ ಜಾಗಕ್ಕೆ ಕೋಲಾರದವರಿಗೆ ಅಂತರಗಂಗೆ ಇದೆ. ಬೆಟ್ಟ ಊರಿನ ಪಡುವಣಕ್ಕೆ ಇರುವುದರಿಂದ ಊರ ಕಡೆಯ ಇಳಿಜಾರಿಗೆ ಬೆಳಗಿನ ಬಿಸಿಲು ನೇರ ಬೀಳುತ್ತದೆ, ಸಂಜೆ ನೆರಳು ಬೇಗ ಬರುತ್ತದೆ. ಎಂಟು ಗಂಟೆಯೊಳಗೆ ಮುಗಿಸಿ. ಹೊತ್ತೇರಿದರೆ ಬರಿಗಾಲಿಗೆ ಬಂಡೆ ಸುಡುವುದಷ್ಟೇ ಅಲ್ಲ, ಕಡು ಬಿಸಿಲಿಗೆ ಫೋನು ಶಟರನ್ನು 1/1000ಕ್ಕೂ ಮೇಲೆ ಒಯ್ಯುತ್ತದೆ. ಆಗ ಚಲನೆಯ ಮಸುಕು ಹೋಗಿ ಕುಣಿತ ತುಂಡು ತುಂಡಾಗಿ ಕಾಣುತ್ತದೆ. ಕೋತಿಗಳಿವೆ, ಆದ್ದರಿಂದ ಫೋನಿನ ಪಕ್ಕ ಒಬ್ಬರು ನಿಂತಿರಲೇಬೇಕು. ತಿಂಡಿ ಪೊಟ್ಟಣ ಬ್ಯಾಗಿನಿಂದ ಹೊರಗೆ ತೆಗೆಯಬೇಡಿ. ಚಿಕ್ಕಬಳ್ಳಾಪುರದವರು ನಂದಿ ಬೆಟ್ಟಕ್ಕೆ ಹೋಗುವುದಾದರೆ, 1478 ಮೀಟರಿನ ಚಳಿಯಲ್ಲಿ ಮಂಜು ಲೆನ್ಸಿನ ಮೇಲೆ ಕೂರುತ್ತದೆ, ಒಣ ಬಟ್ಟೆ ಜೇಬಿನಲ್ಲಿರಲಿ. ಕೆಳಗಿನ ಭೋಗನಂದೀಶ್ವರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಟ್ರೈಪಾಡ್ ಇಡಲು ಮೊದಲೇ ಅನುಮತಿ ಬೇಕು. ನಿಜ ಹೇಳಬೇಕೆಂದರೆ ಹೆಸರಾದ ಜಾಗಗಳಿಗಿಂತ ನಿಮ್ಮ ಹೊಲದ ಬದುವೋ ಒಣಗಿದ ಕೆರೆಯಂಗಳವೋ ವಾಸಿ. ಅಲ್ಲಿ ಗುಂಪು ನಿಂತು ನೋಡುವುದಿಲ್ಲ.

ಈಗ ಆ ಕಟ್. ಚಲನೆಯ ಮೊದಲರ್ಧವನ್ನು ಒಳಗೆ, ಉಳಿದರ್ಧವನ್ನು ಹೊರಗೆ ಹಿಡಿಯುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಮಾಡಿದರೆ ಜೋಡಿಸಲು ಅಂಚೇ ಉಳಿಯುವುದಿಲ್ಲ. ಎರಡೂ ಕಡೆ ಪೂರ್ತಿ ಚಲನೆ ಮಾಡಿ, ತಲಾ ಐದು ಸಲ. ಬಟ್ಟೆ ಅದೇ ಇರಲಿ. ಚೌಕಟ್ಟಿನಲ್ಲಿ ದೇಹದ ಗಾತ್ರ ಒಂದೇ ಇರಲಿ; ಅದಕ್ಕಾಗಿ ದೂರವನ್ನು ದಾರದಿಂದ ಅಳೆದು, ಗಂಟು ಹಾಕಿದ ದಾರವನ್ನು ಜೊತೆಗೆ ಒಯ್ಯಿರಿ. ಎಡದಿಂದ ಬಲಕ್ಕೆ ಹೋಗುವ ಕಾಲು ಹೊರಗೂ ಎಡದಿಂದ ಬಲಕ್ಕೇ ಹೋಗಬೇಕು. ವೇಗ ಹೊಂದಲು ಎರಡೂ ಕಡೆ ಒಂದೇ ಎಣಿಕೆಯಲ್ಲಿ, ನಾಲ್ಕು ಉಸಿರಿಗೆ ಒಂದು ಹೆಜ್ಜೆ ಅನ್ನುವ ಹಾಗೆ ಮಾಡಿ. ಒಟ್ಟು ನಲವತ್ತು ನಿಮಿಷಕ್ಕಿಂತ ಹೆಚ್ಚು ರೆಕಾರ್ಡ್ ಆಗದಿರಲಿ. 1080 ಗುಣಮಟ್ಟದಲ್ಲಿ ನಿಮಿಷಕ್ಕೆ 100ರಿಂದ 150 ಎಂಬಿ ಹೋಗುತ್ತದೆ, ಮೊದಲೇ ಆರು ಜಿಬಿ ಖಾಲಿ ಮಾಡಿಟ್ಟುಕೊಳ್ಳಿ.

ಸದ್ದು

ಸಿನಿಮಾ ಹಾಡು ಬೇಡ. ಹಕ್ಕಿನ ತೊಂದರೆ ಒಂದು ಕಡೆ. ಹಾಡು ನಿಮ್ಮ ಬದಲು ತಾನೇ ಅತ್ತುಬಿಡುತ್ತದೆ, ಅದು ಇನ್ನೊಂದು. ಹೆಜ್ಜೆ, ಉಸಿರು, ಪಾತ್ರೆ ಸದ್ದನ್ನು ಬೇರೆ ಫೋನಿನಲ್ಲಿ ಒಂದಡಿ ದೂರದಿಂದ ಹಿಡಿಯಿರಿ. ಬೆಟ್ಟದ ಗಾಳಿಗೆ ಮೈಕಿನ ಮೇಲೆ ಉಣ್ಣೆ ಕಾಲುಚೀಲ ಸಾಕು. ತಾಳ ಬೇಕೆಂದರೆ ಈ ಸೀಮೆಯದು ತಮಟೆ. 2023ರಲ್ಲಿ ಪದ್ಮಶ್ರೀ ಪಡೆದ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರು ಚಿಕ್ಕಬಳ್ಳಾಪುರದ ಕಡೆಯವರೇ. ಆದರೆ ತಮಟೆ ಜಾತ್ರೆಗೂ ಬಡಿಯುತ್ತದೆ, ಸಾವಿಗೂ ಬಡಿಯುತ್ತದೆ. ಆಪ್ತರನ್ನು ಕಳೆದುಕೊಂಡವರಿಗೆ ಆ ಸದ್ದು ಹೇಗೆ ತಾಗುತ್ತದೆ ಎಂದು ಕಡಿಮೆ ವಾಲ್ಯೂಮಿನಲ್ಲಿ ಕೇಳಿ ನೋಡಿದ ಮೇಲೆ ಬಳಸಿ. ನುಡಿಸಿದವರ ಒಪ್ಪಿಗೆ ಕೇಳಿ, ಸಂಭಾವನೆ ಕೊಡಿ.

ಜೋಡಣೆ

ಹಿಡಿದದ್ದನ್ನು ಏಳು ದಿನ ತೆರೆಯಬೇಡಿ. ತಕ್ಷಣ ನೋಡಿದರೆ ಹೊಟ್ಟೆ, ಬಣ್ಣ, ಕೂದಲು ಬಿಟ್ಟು ಬೇರೇನೂ ಕಣ್ಣಿಗೆ ಬೀಳದು, ಎಷ್ಟೋ ಚಿತ್ರಗಳು ಅಲ್ಲಿಗೇ ಡಿಲೀಟ್ ಆಗುತ್ತವೆ. ಎಂಟನೇ ದಿನ ಸದ್ದಿಲ್ಲದೆ ನೋಡಿ, ಕಂಡದ್ದನ್ನಷ್ಟೇ ಬರೆಯಿರಿ. ‘42ನೇ ಸೆಕೆಂಡು, ಎಡಗೈ ತಡ’ ಅನ್ನುವುದು ಟಿಪ್ಪಣಿ. ‘ದರಿದ್ರವಾಗಿದೆ’ ಅನ್ನುವುದು ಅಲ್ಲ.

ವಿಎನ್ ಅಥವಾ ಕೈನ್‌ಮಾಸ್ಟರ್‌ನಂಥ ವಿಡಿಯೊ ಜೋಡಿಸುವ ಆ್ಯಪಿನಲ್ಲಿ ಎರಡು ತುಣುಕನ್ನೂ ಪಕ್ಕಪಕ್ಕ ಇಟ್ಟು, ಕಾಲು ಅತಿ ವೇಗದಲ್ಲಿರುವ ಫ್ರೇಮಿನಲ್ಲಿ ಕತ್ತರಿಸಿ. ಕಾಲು ನಿಂತಲ್ಲಿ ಕತ್ತರಿಸಿದರೆ ಜಾಗ ಬದಲಾದದ್ದು ಕಣ್ಣಿಗೆ ಕುಕ್ಕುತ್ತದೆ. ಓಡುವಾಗ ಕಣ್ಣು ಚಲನೆಯ ಹಿಂದೆ ಹೋಗಿ ಅಂಚನ್ನು ಗಮನಿಸುವುದಿಲ್ಲ. ಇನ್ನೂ ಎಡವಿದಂತಿದ್ದರೆ ಎರಡನೇ ತುಣುಕಿನ ಆರಂಭದಿಂದ ಎರಡು ಮೂರು ಫ್ರೇಮು ತೆಗೆದು ನೋಡಿ. ಫೇಡ್, ಹೊಗೆ, ಕಪ್ಪು ಬಿಳುಪು ಇವನ್ನೆಲ್ಲ ಮುಟ್ಟಬೇಡಿ.

ದಿನಕ್ಕೆ ಮುಕ್ಕಾಲು ಗಂಟೆ ಮಾತ್ರ ಕೂರಿ, ಅಲಾರಂ ಇಟ್ಟುಕೊಂಡು. ಒಂದೇ ತುಣುಕನ್ನು ಇಪ್ಪತ್ತು ಸಲ ಓಡಿಸುವುದು ಹುಣ್ಣು ಕೆರೆದ ಹಾಗೆ. ಒಂದು ತುಣುಕು ಪ್ರತಿ ಸಲವೂ ಎದೆ ಹಿಂಡಿದರೆ ಅದನ್ನು ಚಿತ್ರದಿಂದ ಹೊರಗಿಟ್ಟು ಬೇರೆ ಫೋಲ್ಡರಿಗೆ ಹಾಕಿ, ಅಳಿಸಬೇಡಿ. ಐದು ದಿನದಲ್ಲಿ ಮುಗಿಸಿ.

ಮೊದಲ ಸಲ ಒಬ್ಬರಿಗೆ ಮಾತ್ರ ತೋರಿಸಿ, ಪಕ್ಕದಲ್ಲಿ ಕೂತು. ‘ಚೆನ್ನಾಗಿದೆಯಾ’ ಅಂತ ಕೇಳಬೇಡಿ, ‘ಏನು ಕಾಣಿಸ್ತು’ ಅಂತ ಕೇಳಿ. ಸ್ಟೇಟಸ್ಸಿಗೆ ಹಾಕುವ ಯೋಚನೆ ಬಂದರೆ ಒಂದು ತಿಂಗಳು ತಡೆಯಿರಿ. ಮನೆಯವರ ಫೋಟೋ ಖಾತೆ ನಿಮ್ಮದರ ಜೊತೆ ಕೂಡಿಕೊಂಡಿದ್ದರೆ ಬ್ಯಾಕಪ್ ಆಫ್ ಮಾಡಿ, ಇಲ್ಲದಿದ್ದರೆ ನಿಮಗಿಂತ ಮೊದಲು ಅವರೇ ನೋಡಿರುತ್ತಾರೆ. ಯಾರಿಗಾದರೂ ವಾಟ್ಸಾಪಿನಲ್ಲಿ ಕಳಿಸುವುದಾದರೆ ವಿಡಿಯೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ. ಕುಗ್ಗಿದ ವಿಡಿಯೊದಲ್ಲಿ ಮೊದಲು ಹಾಳಾಗುವುದೇ ಬೆರಳು ಮತ್ತು ಪಾದ.