ಪೇಷಂಟ್ ಜೊತೆ ಹೋದಾಗ ನಾನು ಕೇಳುವುದು

ಶಿಗ್ಗಾವಿಯಲ್ಲಿ ನನ್ನದೊಂದು ಔಷಧ ಅಂಗಡಿ. ಜಿಲ್ಲೆ ಹಾವೇರಿಯಾದರೂ ದೊಡ್ಡ ಕಾಯಿಲೆ ಬಂದರೆ ನಮ್ಮ ಕಡೆಯವರ ಗಾಡಿ ತಿರುಗುವುದು ಹುಬ್ಬಳ್ಳಿಗೇ, ಅಲ್ಲಿಯ ಕಿಮ್ಸ್ ಎಂಬ ದೊಡ್ಡ ಸರ್ಕಾರಿ ಆಸ್ಪತ್ರೆಗೆ. ‘ಕಿಮ್ಸಿಗೆ ಒಯ್ರಿ’ ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ಮನೆಯವರು ಮೊದಲು ಅಂಗಡಿ ಮುಂದೆ ನಿಲ್ಲುತ್ತಾರೆ. ನನಗೆ ಇಂಗ್ಲಿಷ್ ಓದಲು ಬರುತ್ತದೆ, ಗುಳಗಿಗಳ ಹೆಸರು ಗೊತ್ತು. ‘ನೀವೂ ಸ್ವಲ್ಪ ಕೂಡ ಬರ್ರೆಲಾ’ ಅನ್ನುತ್ತಾರೆ. ಹಾಗೆ ಶುರುವಾದದ್ದು ಈಗ ಅರ್ಧ ಕಸುಬೇ ಆಗಿದೆ. ಅಂಗಡಿಯಲ್ಲಿ ತಮ್ಮ ಕೂರುತ್ತಾನೆ, ನಾನು ವಾರ್ಡಿನ ಹೊರಗೆ ಕೂರುತ್ತೇನೆ.

ರೋಗಿಗಳ ಹಕ್ಕುಗಳ ಫಲಕ ಈಗ ಬಹಳಷ್ಟು ಆಸ್ಪತ್ರೆಗಳ ಗೋಡೆಯ ಮೇಲಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ಸನ್ನದನ್ನು ಜಾರಿಗೆ ತರುವಂತೆ ಮರುವರ್ಷ ಕೇಂದ್ರ ಆರೋಗ್ಯ ಇಲಾಖೆ ರಾಜ್ಯಗಳಿಗೆ ಬರೆಯಿತು. ಅದಕ್ಕೂ ಮುಂಚೆ, 2017ರಲ್ಲಿ, ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿಯಾಗಿ ರೋಗಿಗಳ ಸನ್ನದು ಕಾನೂನಿನೊಳಗೇ ಬಂತು. ಆ ನವೆಂಬರಿನ ಬೆಳಗಾವಿ ಅಧಿವೇಶನದ ಹೊತ್ತಿಗೆ ಖಾಸಗಿ ಡಾಕ್ಟರುಗಳು ಓಪಿಡಿ ಬಂದ್ ಮಾಡಿ ಧರಣಿ ಕೂತದ್ದು ಅನೇಕರಿಗೆ ನೆನಪಿರಬಹುದು. ಇಷ್ಟೆಲ್ಲ ಆದರೂ ಆ ಫಲಕವನ್ನು ನಿಂತು ಓದಿದವರನ್ನು ನಾನು ಕಂಡದ್ದು ಕಡಿಮೆ. ಓದಿದರೂ ಡಿಸ್ಚಾರ್ಜ್ ದಿನ ಓದುತ್ತಾರೆ, ಬಿಲ್ ಕೌಂಟರಿನಲ್ಲಿ ಜಗಳ ಹತ್ತಿದ ಮೇಲೆ. ನಾನು ಬೇರೇನೂ ಮಾಡುವುದಿಲ್ಲ. ಅವರು ಡಿಸ್ಚಾರ್ಜ್ ದಿನ ಕೇಳುವುದನ್ನು ಅಡ್ಮಿಟ್ ಆದ ದಿನವೇ ಕೇಳುತ್ತೇನೆ.

ಮೊದಲ ಪ್ರಶ್ನೆ ಕಾರ್ಡಿನದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಅದರ ಕಾಗದಪತ್ರ ನೋಡುವ ಆರೋಗ್ಯಮಿತ್ರ ಎಂಬವರ ಟೇಬಲ್ ಇರುತ್ತದೆ. ರೋಗಿ ಸ್ಟ್ರೆಚರಿನಿಂದ ಹಾಸಿಗೆಗೆ ಹೋಗುವಷ್ಟರಲ್ಲಿ ಮನೆಯವರಲ್ಲಿ ಒಬ್ಬರು ರೇಷನ್ ಕಾರ್ಡ್, ಆಧಾರ್ ಹಿಡಿದು ಆ ಟೇಬಲ್ಲಿಗೆ ಹೋಗಲೇಬೇಕು. ಸರ್ಕಾರಿ ಆಸ್ಪತ್ರೆಯಿಂದ ಖಾಸಗಿಗೆ ಕಳಿಸಿದ್ದರೆ ರೆಫರಲ್ ಪತ್ರ ಬೇಕು. ಎಮರ್ಜೆನ್ಸಿ ಕೇಸಿಗೆ ಅದು ಬೇಕಿಲ್ಲ. ದುಡ್ಡು ಕಟ್ಟಿ ಊರಿಗೆ ಬಂದ ಮೇಲೆ ‘ನಮ್ಮ ಕಡೆ ಕಾರ್ಡ್ ಐತ್ರಿ’ ಅಂದರೆ ಯಾರೂ ಏನೂ ಮಾಡಲಾರರು.

ಎಮರ್ಜೆನ್ಸಿ ಅಂದೆನಲ್ಲ. ನಮ್ಮೂರ ಮಗ್ಗುಲಲ್ಲೇ ಹೆದ್ದಾರಿ, ಆಕ್ಸಿಡೆಂಟ್ ಕೇಸ್ ಯಾವಾಗಲೂ ಇದ್ದದ್ದೇ. ‘ಪೊಲೀಸ್ ಕೇಸ್ ಅದ, ಬೇರೆ ಕಡೆ ಒಯ್ರಿ’ ಅನ್ನುವ ಮಾತಿಗೆ ಸುಪ್ರೀಂ ಕೋರ್ಟ್ 1989ರಲ್ಲೇ, ಪರಮಾನಂದ ಕಟಾರಾ ಪ್ರಕರಣದಲ್ಲಿ, ಬಾಗಿಲು ಹಾಕಿದೆ. ಮೊದಲು ಜೀವ ಉಳಿಸುವ ಚಿಕಿತ್ಸೆ, ಪೊಲೀಸ್ ಕಾಗದ ಆಮೇಲೆ. ಅಡ್ವಾನ್ಸ್ ಕಟ್ಟಿದರೇ ಮುಟ್ಟುತ್ತೇವೆ ಅನ್ನುವುದೂ ತುರ್ತು ಕೇಸಿನಲ್ಲಿ ನಡೆಯುವುದಿಲ್ಲ. ಗಾಯಾಳುವನ್ನು ತಂದು ಬಿಟ್ಟವನನ್ನು ಸಾಕ್ಷಿ ಹೇಳು ಎಂದು ಒತ್ತಾಯಿಸುವಂತಿಲ್ಲ. ಇದನ್ನು ನಮ್ಮ ಟಂಟಂ ಡ್ರೈವರುಗಳಿಗೆ ಹೇಳಿ ಹೇಳಿ ಸಾಕಾಗಿದೆ, ಈಗೀಗ ಅವರು ಗಾಡಿ ನಿಲ್ಲಿಸುತ್ತಾರೆ.

ನಾನು ಹೆಚ್ಚು ಹೊತ್ತು ತಗೊಳ್ಳುವುದು ಸಹಿ ಮಾಡುವ ಕಾಗದದ ಹತ್ತಿರ. ಆಪರೇಷನ್ ಹಿಂದಿನ ಸಂಜೆ ಒಂದು ಫಾರಂ ಬರುತ್ತದೆ. ಹಲವು ಕಡೆ ಪೂರ್ತಿ ಇಂಗ್ಲಿಷ್. ಆಪರೇಷನ್ ಹೆಸರಿನ ಜಾಗ ಖಾಲಿ, ಅಪಾಯಗಳ ಜಾಗ ಖಾಲಿ, ಕೆಳಗೆ ಸಹಿಯ ಗೆರೆ ಮೇಲೆ ಮಾತ್ರ ಪೆನ್ಸಿಲಿನಲ್ಲಿ ಒಂದು ಗುರುತು. ಮನೆಯವರು ಗುರುತು ನೋಡಿ ಹೆಬ್ಬೆಟ್ಟು ಒತ್ತಲು ತಯಾರಿರುತ್ತಾರೆ. ನಾನು ತಡೆಯುತ್ತೇನೆ. ‘ಡಾಕ್ಟರ್ ಸಾಹೇಬ್ರ, ಎರಡು ಮಿನಿಟ್ ಕನ್ನಡದಾಗ ಹೇಳ್ರಿ, ಇವರು ಕೇಳಸ್ಕೊಂಡು ಸಹಿ ಮಾಡ್ತಾರ’ ಅನ್ನುತ್ತೇನೆ. ಏನು ಮಾಡುತ್ತೀರಿ, ಮಾಡದಿದ್ದರೆ ಏನಾಗುತ್ತದೆ, ಬೇರೆ ದಾರಿ ಇದೆಯೇ, ಯಾರು ಮಾಡುತ್ತಾರೆ. ಆಮೇಲೆ ಖಾಲಿ ಜಾಗ ತುಂಬಿಸಿ, ಸಹಿಯ ಮೇಲೆ ರೋಗಿಯ ಇಲ್ಲವೇ ಬರೆಯಲು ಬರುವ ಮನೆಯವರ ಕೈಯಿಂದಲೇ ಕನ್ನಡದಲ್ಲಿ ಒಂದು ಸಾಲು ಬರೆಸುತ್ತೇನೆ: ‘ಎಡಗಾಲಿನ ತೊಡೆ ಎಲುಬಿಗೆ ರಾಡ್ ಹಾಕುವುದನ್ನು ಕನ್ನಡದಲ್ಲಿ ತಿಳಿಸಿದ್ದಾರೆ, ಒಪ್ಪಿಗೆ ಇದೆ.’ ಎಡವೋ ಬಲವೋ ಅನ್ನುವುದು ಆ ಸಾಲಿನಲ್ಲಿ ಇರಲೇಬೇಕು. ಈ ಸಾಲಿಗೆ ಸಿಟ್ಟಾದ ಡಾಕ್ಟರು ನನಗಿನ್ನೂ ಸಿಕ್ಕಿಲ್ಲ. ಗಡಿಬಿಡಿಯಲ್ಲಿರುವವರು ಸಿಕ್ಕಿದ್ದಾರೆ. ಅವರಿಗೆ ‘ರೌಂಡ್ಸ್ ಮುಗಿಸಿ ಬರ್ರಿ, ನಾವು ಕುಂತಿರ್ತೀವಿ’ ಅಂದರೆ ಆಯಿತು.

ಇನ್ನೊಂದು, ರೋಗಿಗೆ ಎಚ್ಚರವಿದ್ದು ಬುದ್ಧಿ ನೆಟ್ಟಗಿದ್ದರೆ ಒಪ್ಪಿಗೆ ಕೊಡಬೇಕಾದವರು ರೋಗಿಯೇ. ಗಂಡ, ಮಗ, ಅಣ್ಣ ಸಾಲುವುದಿಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಪರೀಕ್ಷೆಗೆಂದು ಅರಿವಳಿಕೆ ಕೊಟ್ಟಿದ್ದ ಹೆಣ್ಣುಮಗಳ ಗರ್ಭಕೋಶವನ್ನು ಅವಳ ತಾಯಿಯನ್ನು ಕೇಳಿ ತೆಗೆದಿದ್ದರು. ಆ ಒಪ್ಪಿಗೆ ಒಪ್ಪಿಗೆಯೇ ಅಲ್ಲವೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ದೂರದ ದಿಲ್ಲಿಯ ಮಾತು ಅಂದುಕೊಳ್ಳಬೇಡಿ. ನಮ್ಮ ಜಿಲ್ಲೆಯಲ್ಲೇ, ರಾಣೆಬೆನ್ನೂರು ಕಡೆಯ ತಾಂಡಾಗಳ ಹೆಣ್ಣುಮಕ್ಕಳು ಅಗತ್ಯವಿಲ್ಲದಿದ್ದರೂ ಗರ್ಭಕೋಶ ತೆಗೆಸಿಕೊಂಡು, ನ್ಯಾಯ ಕೇಳಿ ವರ್ಷಗಟ್ಟಲೆ ಬೀದಿಗಿಳಿದರು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಮೂವತ್ತರ ಹೆಂಗಸಿಗೆ ಯಾರಾದರೂ ‘ಚೀಲ ತಗದು ಬಿಡೂಣು’ ಅಂದರೆ ನಾನು ಆ ದಿನ ಸಹಿ ಮಾಡಿಸುವುದಿಲ್ಲ. ಸ್ಕ್ಯಾನಿಂಗ್ ರಿಪೋರ್ಟ್ ತಗೊಂಡು ಇನ್ನೊಬ್ಬ ಡಾಕ್ಟರ ಹತ್ತಿರ ಹೋಗುತ್ತೇವೆ. ಎರಡನೇ ಅಭಿಪ್ರಾಯ ಕೇಳುವುದು ಸನ್ನದಿನಲ್ಲೇ ಇರುವ ಹಕ್ಕು, ಅದರಿಂದ ಮೊದಲ ಡಾಕ್ಟರಿಗೆ ಅವಮಾನವೇನೂ ಆಗುವುದಿಲ್ಲ.

ಈಗ ನಮ್ಮವರ ಕಡೆಗೆ ಬರುತ್ತೇನೆ, ಏಕೆಂದರೆ ಇದನ್ನು ಹೇಳುವವರು ಕಡಿಮೆ. ಡಾಕ್ಟರಿಗೆ ಸುಳ್ಳು ಹೇಳುವುದರಲ್ಲಿ ನಮ್ಮ ಜನ ಗಟ್ಟಿಗರು. ‘ಕುಡಿತೀರೇನು?’ ಅಂದರೆ ‘ಇಲ್ರೀ, ಹಬ್ಬಕ್ಕೊಮ್ಮೆ.’ ಕಾಲು ಮುರಿದು ಅಡ್ಮಿಟ್ ಆದವನು ಎರಡನೇ ಮೂರನೇ ದಿನಕ್ಕೆ ಕೈ ನಡುಗಿಸುತ್ತ, ಬೆವರುತ್ತ, ಗೋಡೆ ಮೇಲೆ ಹುಳ ಹರಿಯುತ್ತಿವೆ ಎಂದು ಕೂಗಿ ಸಲಾಯಿನ್ ಕಿತ್ತೊಗೆಯುತ್ತಾನೆ. ಮನೆಯವರು ‘ದವಾಖಾನ್ಯಾಗ ಏನೋ ತಪ್ಪು ಇಂಜೆಕ್ಷನ್ ಕೊಟ್ರು’ ಎಂದು ಎದ್ದು ನಿಲ್ಲುತ್ತಾರೆ. ದಿನಾ ಕುಡಿಯುವವನಿಗೆ ಒಮ್ಮೆಲೇ ಬಿಟ್ಟರೆ ಹೀಗಾಗುತ್ತದೆ. ಜೀವಕ್ಕೂ ಕುತ್ತು. ಮೊದಲ ದಿನವೇ ಹೇಳಿದ್ದರೆ ಅದಕ್ಕೆ ಔಷಧ ಶುರು ಮಾಡಿರುತ್ತಿದ್ದರು. ನಾನು ಹೆಂಡತಿಯನ್ನು ಪಕ್ಕಕ್ಕೆ ಕರೆದು ಕೇಳುತ್ತೇನೆ. ಖರೇ ಲೆಕ್ಕ ಅವಳ ಹತ್ತಿರ ಇರುತ್ತದೆ.

ಗುಳಗಿಗಳ ಮಾತೂ ಹಾಗೇ. ಹೃದಯಕ್ಕೆಂದು ರಕ್ತ ತೆಳುವಾಗುವ ಗುಳಗಿ ನುಂಗುವವರು ಆಪರೇಷನ್ನಿಗೆ ಮುಂಚೆ ಅದನ್ನು ಹೇಳದಿದ್ದರೆ ರಕ್ತ ನಿಲ್ಲುವುದು ಕಷ್ಟ. ಮಂಡಿನೋವಿಗೆ ಯಾರೋ ಕೊಟ್ಟ ಹೆಸರಿಲ್ಲದ ಪುಡಿಯಲ್ಲಿ ಸ್ಟೀರಾಯ್ಡ್ ಇರುವುದುಂಟು. ಹಾಗಾಗಿ ಮನೆಯಲ್ಲಿರುವ ಎಲ್ಲ ಸ್ಟ್ರಿಪ್, ಡಬ್ಬಿ, ಪೊಟ್ಟಣಗಳನ್ನು ಒಂದು ಚೀಲದಲ್ಲಿ ತರಲು ಹೇಳಿ, ಚೀಲವನ್ನೇ ಡಾಕ್ಟರ ಟೇಬಲ್ ಮೇಲೆ ಸುರಿಯುತ್ತೇನೆ. ಆಪರೇಷನ್ ಬೆಳಿಗ್ಗೆ ‘ಹಸಿದಾನು’ ಎಂದು ಕದ್ದು ಚಹಾ ಬಿಸ್ಕೀಟು ಕೊಡುವ ಅತ್ತಿಗೆಯರಿಗೂ ಒಂದು ಮಾತು: ಅರಿವಳಿಕೆಯಲ್ಲಿ ಅದು ಪುಪ್ಪುಸಕ್ಕೆ ಇಳಿದರೆ ಮನುಷ್ಯ ಉಳಿಯುವುದೇ ಕಷ್ಟ.

ಜನಜಾತ್ರೆಯೂ ಬೇಡ. ಟ್ರ್ಯಾಕ್ಸ್ ತುಂಬಿ ಬಂದವರೆಲ್ಲ ಸಿಸ್ಟರನ್ನು ಒಬ್ಬೊಬ್ಬರಾಗಿ ಅದನ್ನೇ ಕೇಳಿದರೆ ಯಾರಿಗೂ ಸರಿಯಾದ ಉತ್ತರ ಸಿಗುವುದಿಲ್ಲ. ಮನೆಯಿಂದ ಒಬ್ಬರೇ ಮಾತಾಡುವುದು ಎಂದು ನಾನು ಗಾಡಿಯಲ್ಲೇ ಗೊತ್ತುಮಾಡುತ್ತೇನೆ. ಕೈ ಎತ್ತಿದವರ ಜೊತೆ ಮುಂದೆ ಹೋಗುವುದಿಲ್ಲ. ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆಗೆ 2009ರ ರಾಜ್ಯ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, 50 ಸಾವಿರದವರೆಗೆ ದಂಡ ಇದೆ ಎಂದು ಮೊದಲೇ ಹೇಳಿರುತ್ತೇನೆ.

ಬಿಲ್ಲಿನ ವಿಷಯಕ್ಕೆ ನನ್ನ ಕಸುಬು ಉಪಯೋಗಕ್ಕೆ ಬರುತ್ತದೆ. ಅಂದಾಜು ಖರ್ಚನ್ನು ಮೊದಲ ದಿನ ಬರಹದಲ್ಲಿ ಕೇಳುತ್ತೇನೆ, ದಿನ ಬಿಟ್ಟು ದಿನ ಅಲ್ಲಿಯವರೆಗಿನ ಬಿಲ್ ತೆಗೆಸುತ್ತೇನೆ. ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೀಗೆ ತೆಗೆಸಿದ ಬಿಲ್ಲಿನಲ್ಲಿ ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಹಾಕುವ ಲೈನಿನ ಕಿಟ್ ಬರೆದಿತ್ತು. ನಮ್ಮ ಪೇಷಂಟ್ ಬಸವರಾಜನಿಗೆ ಮುಂಗೈಯ ಸಣ್ಣ ಕ್ಯಾನುಲಾ ಬಿಟ್ಟರೆ ಏನೂ ಇರಲಿಲ್ಲ. ಸಿಸ್ಟರ್ ಬಂದು ನೋಡಿದರು. ಅದೇ ಮಾಳಿಗೆಯಲ್ಲಿ ಇನ್ನೊಬ್ಬ ಬಸವರಾಜ ಇದ್ದ, ಐಸಿಯುದಲ್ಲಿ. ನಮ್ಮ ಭಾಗದಲ್ಲಿ ಬಸವರಾಜರಿಗೇನು ಬರ! ಬಿಲ್ ತಿದ್ದಿಕೊಟ್ಟರು. ನನಗೆ ಹೆದರಿಕೆಯಾದದ್ದು ದುಡ್ಡಿಗಲ್ಲ, ಬಿಲ್ ಅದಲುಬದಲಾದ ಹಾಗೆ ರಕ್ತದ ಬಾಟಲಿಯೂ ಆಗಬಹುದಲ್ಲ ಎಂದು. ಅಂದಿನಿಂದ ಇಂಜೆಕ್ಷನ್, ರಕ್ತ, ಏನೇ ಹಿಡಿದು ಬಂದರೂ ಪೇಷಂಟ್ ತನ್ನ ಹೆಸರು, ತಂದೆ ಹೆಸರು, ಊರು ಮೂರನ್ನೂ ಹೇಳಬೇಕೆಂದು ಕಲಿಸುತ್ತೇನೆ. ಅಡ್ಮಿಟ್ ಆದಾಗ ಆಸ್ಪತ್ರೆ ಕೊಡುವ ಐಪಿ ನಂಬರನ್ನು ಮನೆಯವರು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳುತ್ತಾರೆ.

ಔಷಧವನ್ನು ಆಸ್ಪತ್ರೆಯ ಅಂಗಡಿಯಲ್ಲೇ ಕೊಳ್ಳಬೇಕೆಂಬ ಕಡ್ಡಾಯ ಇಲ್ಲ, ಎಲ್ಲಿಂದ ತರುವುದೆಂಬ ಆಯ್ಕೆ ರೋಗಿಯದು. ಔಷಧ ಅಂಗಡಿಯವನ ಬಾಯಿಂದ ಈ ಮಾತು ಬಂದರೆ ನೀವು ನಗಬಹುದು. ಆದರೆ ಐಸಿಯುದಲ್ಲಿ ನಡುರಾತ್ರಿ ಬೇಕಾದ ಇಂಜೆಕ್ಷನ್ನಿಗೆ ನಾನು ಹೊರಗೆ ಓಡುವುದಿಲ್ಲ. ದಿನಾ ಬೇಕಾಗುವ ಶುಗರ್, ಬಿಪಿ ಗುಳಗಿಯನ್ನು ಜನೌಷಧಿಯಲ್ಲಿ ತರುತ್ತೇನೆ. ಒಡೆಯದ ಸ್ಟ್ರಿಪ್, ವಯಲ್‌ಗಳನ್ನು ಬಿಲ್ ಸಮೇತ ಡಿಸ್ಚಾರ್ಜಿಗೆ ಮುಂಚೆ ತಿರುಗಿ ಕೊಡುತ್ತೇನೆ.

ಕೇಸ್ ಪೇಪರ್ ಪ್ರತಿಗೆ ಎರಡು ಅರ್ಜಿ ಬರೆಯಬೇಕು. ಒಂದು ಅವರಿಗೆ, ಇನ್ನೊಂದರ ಮೇಲೆ ತಾರೀಖು ಹಾಕಿ ಸೀಲು ಒತ್ತಿಸಿಕೊಳ್ಳಬೇಕು. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮದಲ್ಲೇ ಇದೆ. ಹಾಸಿಗೆಯಲ್ಲಿರುವಾಗಲೇ ಬೇಕಾದರೆ 24 ಗಂಟೆಯೊಳಗೆ ಎನ್ನುತ್ತದೆ ಮಾನವ ಹಕ್ಕುಗಳ ಆಯೋಗದ ಸನ್ನದು. ಸೀಲು ಬಿದ್ದ ಅರ್ಜಿ ಕೈಯಲ್ಲಿದ್ದರೆ ಮಾತು ಏರಿಸುವ ಪ್ರಸಂಗವೇ ಬರುವುದಿಲ್ಲ. ಬಿಲ್ ಬಾಕಿ ಎಂದು ರೋಗಿಯನ್ನಾಗಲಿ ಹೆಣವನ್ನಾಗಲಿ ಹಿಡಿದಿಡುವಂತಿಲ್ಲ. ಹಾಗೆ ಮಾಡಿದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ದೂರು ಪ್ರಾಧಿಕಾರವಿದೆ, ಅರ್ಜಿಯನ್ನು ಡಿಎಚ್‌ಒ, ಅಂದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಕೊಡಬೇಕು. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯ ಲೋಪಕ್ಕೆ ಗ್ರಾಹಕ ಆಯೋಗವೂ ಇದೆ, ಆದರೆ 2 ವರ್ಷದೊಳಗೆ ಹೋಗಬೇಕು.

ಕೊನೆಗೆ ಡಿಸ್ಚಾರ್ಜ್ ಕಾರ್ಡ್ ಕೈಗೆ ಬಂದಾಗ ಗೇಟಿನ ಹೊರಗಲ್ಲ, ವಾರ್ಡಿನಲ್ಲೇ ನಿಂತು ಓದುತ್ತೇನೆ. ಯಾವ ಗುಳಗಿ, ಎಷ್ಟು ಹೊತ್ತಿಗೆ, ಎಷ್ಟು ದಿನ, ಹೊಲಿಗೆ ಎಂದು ಬಿಚ್ಚುವುದು, ಏನಾದರೆ ತಿರುಗಿ ಬರಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ಒಂದೊಂದು ಯೂನಿಟ್ಟಿಗೆ, ಅಂದರೆ ಡಾಕ್ಟರುಗಳ ತಂಡಕ್ಕೆ, ಒಂದೊಂದು ಓಪಿಡಿ ದಿನ. ‘ಮಂಗಳವಾರ ಬರ್ರಿ’ ಎಂದು ಕಾರ್ಡಿನಲ್ಲಿದ್ದರೆ, ಆಪರೇಷನ್ ಮಾಡಿದ ಡಾಕ್ಟರ ಯೂನಿಟ್ ಮಂಗಳವಾರ ಕೂರುತ್ತದೋ ಇಲ್ಲವೋ ಎಂದು ಸಿಸ್ಟರನ್ನು ಕೇಳಿ, ಕಾರ್ಡಿನ ಮೇಲೆ ಯೂನಿಟ್ ಹೆಸರು ಬರೆಸಿಕೊಂಡೇ ಗಾಡಿ ಹತ್ತುವುದು.